ಸಾಲವೂ ಋಣವೂ

ಕಳೆದ ವರ್ಷ ಆಷಾಢಮಾಸದ ಒಂದು ಮಧ್ಯಾಹ್ನ, ಜಡಿಮಳೆ ಗಳಿಗೆಹೊತ್ತು ಬಿಡುವು ಕೊಟ್ಟಿದ್ದಾಗ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ದುಡಿದು ನಿವೃತ್ತರಾಗಿರುವ ನಮ್ಮ ನೆರೆಯವರೊಬ್ಬರು, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿದ್ದ ಕಾಗದಗಳ ಕಟ್ಟೊಂದನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮ ಮನೆಯ ಜಗುಲಿಯನ್ನು ಹತ್ತಿದರು. ಅವರ ಮಗಳು, ಪ್ರೌಢಶಾಲೆಯಲ್ಲಿ ನನ್ನ ಕೈಯಲ್ಲಿ ಓದಿದವಳು, ಲೋಹಶಾಸ್ತ್ರದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ಹೊರಟಿದ್ದಳು. ಆ ದೇಶದ ಬಹುಪಾಲು ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವೆಂಬುದು ಇಲ್ಲವಾದರೂ, ಮೊದಲ ವರ್ಷದ ಜೀವನನಿರ್ವಹಣೆಗೆಂದು 11,904 ಯೂರೋಗಳನ್ನು ಮುಂಗಡವಾಗಿ ಒಂದು ಖಾತೆಯಲ್ಲಿರಿಸಿ ತೋರಿಸಿದಲ್ಲದೆ ವೀಸಾ ದೊರೆಯದು. ನಮ್ಮ ರೂಪಾಯಿಯಲ್ಲಿ ಅದು ಹತ್ತು ಲಕ್ಷವನ್ನು ಮೀರುತ್ತದೆ. ಮನೆಯ ಪತ್ರವನ್ನು ಬ್ಯಾಂಕಿನಲ್ಲಿ ಅಡವಿಟ್ಟದ್ದಾಗಿತ್ತು. ಜಾಮೀನಿಗೆ ಒಂದು ಸಹಿ ಬೇಕಾಗಿತ್ತು. ನಾನು ಸಹಿ ಹಾಕಿದೆ. ಕಾಗದಗಳನ್ನು ಮತ್ತೆ ಚೀಲಕ್ಕೆ ಸೇರಿಸುತ್ತ ಅವರು, "ಮೇಷ್ಟ್ರೇ, ಓದು ಮುಗಿದ ಮೇಲೆ ವಾಪಸ್ ಬಾ ಅಂತ ಅವಳಿಗೆ ಹೇಳೋಕೆ ನನಗೆ ಬಾಯಿ ಬರ್ತಾ ಇಲ್ಲ. ಬಂದ್ರೆ ಈ ಸಾಲ ತೀರೋದು ಹೇಗೆ?" ಎಂದರು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಶಿವಮೊಗ್ಗೆಯ ದುರ್ಗಿಗುಡಿಯಲ್ಲಿಯೂ ಸವಳಂಗ ರಸ್ತೆಯಲ್ಲಿಯೂ ಪರದೇಶದ ವ್ಯಾಸಂಗಕ್ಕೆ ದಾರಿ ತೋರುತ್ತೇವೆಂಬ ಫಲಕಗಳನ್ನು ಕಂಡಾಗಲೆಲ್ಲ ಆ ಮಾತು ಮರಳಿ ಬಂದು ನನ್ನನ್ನು ಕಾಡಿದೆ. ಮಕ್ಕಳನ್ನು ಕಡಲಾಚೆಗೆ ಓದಲು ಕಳುಹಿಸುವುದು ಉಚಿತವೆ ಎಂದು ಕೇಳುವವರಿಗೆ ನಾನು ಸಂಶಯಕ್ಕೆಡೆಯಿಲ್ಲದೆ ಹೇಳುವ ಉತ್ತರವೊಂದುಂಟು: ಉಚಿತ, ಅವಶ್ಯವಾಗಿ ಕಳುಹಿಸತಕ್ಕದ್ದು. ಆದರೆ ಹೇಗೆ ಕಳುಹಿಸುತ್ತೇವೆಂಬುದರ ಮೇಲೆ ಆ ವಿದ್ಯೆ ಯಾರ ಪಾಲಿಗೆ ಫಲಿಸೀತೆಂಬುದು ನಿಂತಿದೆ. ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದ ಈ ಸಂಗತಿಯನ್ನು ನಾವು ಮರೆತಿದ್ದೇವೆ.

ಮೊದಲು ಲಾಭದ ಮಾತನ್ನೇ ಆಡೋಣ. ವಿದೇಶದ ವ್ಯಾಸಂಗದಿಂದ ದೊರೆಯುವ ಪದವಿ, ವೇತನ, ಪ್ರತಿಷ್ಠೆಗಳನ್ನು ಕುರಿತು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ; ಅವನ್ನು ನಾನು ಅಲ್ಲಗಳೆಯುವುದಿಲ್ಲ, ವಿಸ್ತರಿಸುವುದೂ ಇಲ್ಲ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಲಾಭಕ್ಕೆ ನಿದರ್ಶನ ನಮ್ಮ ಜಿಲ್ಲೆಯಲ್ಲಿಯೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು.ಆರ್. ಅನಂತಮೂರ್ತಿಯವರು ಮೈಸೂರಿನಲ್ಲಿ ಓದಿ ಅಧ್ಯಾಪಕರಾದ ತರುವಾಯ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವನ್ನು ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. 1930ರ ದಶಕದ ಇಂಗ್ಲಿಷ್ ಕಥಾಸಾಹಿತ್ಯ ಮತ್ತು ರಾಜಕಾರಣವನ್ನು ಕುರಿತು ಪ್ರಬಂಧವನ್ನು ಬರೆದು 1966ರಲ್ಲಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು. ಆ ಪ್ರಬಂಧವನ್ನು ಇಂದು ಓದುವವರು ವಿರಳ. ಆದರೆ ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ತಮ್ಮ ಪ್ರಾಧ್ಯಾಪಕರೂ ಕಾದಂಬರಿಕಾರರೂ ಆಗಿದ್ದ ಮಾಲ್ಕಂ ಬ್ರಾಡ್‌ಬರಿಯವರ ಸಂಗಡ ಅವರು ಇಂಗ್ಮಾರ್ ಬರ್ಗ್‌ಮನ್‌ರ 'ಸೆವೆಂತ್ ಸೀಲ್' ಎಂಬ ಸ್ವೀಡಿಷ್ ಚಿತ್ರವನ್ನು ನೋಡಿದರು. ಅಡಿಬರಹಗಳಿಲ್ಲದೆ, ಭಾಷೆ ಅರ್ಥವಾಗದೆ, ಮಹಾಮಾರಿಯ ಕಾಲದ ಆ ಕಥೆಯನ್ನು ಕೇವಲ ಮುಖಗಳಿಂದಲೂ ನೆಳಲುಬೆಳಕುಗಳಿಂದಲೂ ಗ್ರಹಿಸಿ ಹೊರಬಂದಾಗ ನಡೆದ ಸಂಭಾಷಣೆಯಲ್ಲಿ ಅವರಿಗೆ ಹೊಳೆದದ್ದೇನೆಂದರೆ, ಯೂರೋಪಿನವನು ತನ್ನ ಮಧ್ಯಯುಗವನ್ನು ಪುಸ್ತಕಗಳಿಂದ ಪುನಃ ಕಟ್ಟಿಕೊಳ್ಳಬೇಕಾಗಿರುವಾಗ, ತಾವಾದರೋ ಅದನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡು ಬಾಳಿದವರು ಎಂಬುದು. ಹಾಗಾದರೆ ಅದನ್ನೇ ಬರೆಯಿರೆಂದು ಗುರುಗಳು ಪ್ರೋತ್ಸಾಹಿಸಿದರು. 'ಸಂಸ್ಕಾರ' ಹುಟ್ಟಿದ್ದು ಹೀಗೆ. 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

ಆ ಕಾದಂಬರಿಯ ನಾರಣಪ್ಪ ಜ್ವರವನ್ನು ಹತ್ತಿಸಿಕೊಂಡು ಬರುವುದು ಶಿವಮೊಗ್ಗೆಗೆ ಹೋಗಿಬಂದದ್ದರಿಂದ ಎಂಬುದನ್ನು ನಮ್ಮೂರಿನ ಓದುಗರು ಗಮನಿಸಿರಬಹುದು. ತುಂಗೆಯ ತಡಿಯ ಒಂದು ಅಗ್ರಹಾರ, ಅಲ್ಲಿಯ ಮಡಿಮೈಲಿಗೆ, ಅಲ್ಲಿಯ ಹಸಿವು ಮತ್ತು ಭಯ, ಇವೆಲ್ಲ ಬರ್ಮಿಂಗ್‌ಹ್ಯಾಮಿನ ಹೊಗೆಯ ನಡುವೆ ಕುಳಿತವನಿಗೆ ಕಂಡಷ್ಟು ಸ್ಫುಟವಾಗಿ ತೀರ್ಥಹಳ್ಳಿಯಲ್ಲಿಯೇ ಉಳಿದಿದ್ದವನಿಗೆ ಕಾಣುತ್ತಿದ್ದುವೆ? ನನಗೆ ಸಂದೇಹ. ಕಣ್ಣಿಗೆ ತೀರ ಹತ್ತಿರ ಹಿಡಿದ ಪುಟದ ಅಕ್ಷರಗಳನ್ನು ಓದಲಾಗದು. ಮೇಳಿಗೆಯ ಹುಡುಗನಿಗೆ ಪುಟವನ್ನು ಒಂದು ಮೊಳ ದೂರ ಸರಿಸಿ ಹಿಡಿದುಕೊಟ್ಟದ್ದು ಆ ಮೂರು ವರ್ಷಗಳ ಪರವಾಸ. ಪದವಿಯೊಂದಿಗೆ ಆತ ಹಿಂದಕ್ಕೆ ತಂದದ್ದು ತನ್ನದೇ ಊರನ್ನು.

ವಿದ್ಯಾರ್ಥಿಯ ಸ್ವಂತ ಬಾಳಿನಲ್ಲಿ ಆಗುವ ಪರಿವರ್ತನೆಯೂ ಇದೇ ಜಾತಿಯದು. ನಮ್ಮ ಮಲೆನಾಡಿನ ಊರುಗಳಲ್ಲಿ ಒಬ್ಬ ಹುಡುಗನ ಹೆಸರನ್ನು ಕೇಳಿದೊಡನೆ ಅವನ ತಂದೆ ಯಾರು, ಜಾತಿ ಯಾವುದು, ತೋಟ ಎಷ್ಟು ಎಕರೆ ಎಂಬುದೆಲ್ಲ ಕೇಳುವವನ ಮನಸ್ಸಿನಲ್ಲಿ ಲೆಕ್ಕವಾಗಿಬಿಡುತ್ತದೆ. ಆ ಹುಡುಗನೂ ಅದೇ ಲೆಕ್ಕದೊಳಗೆ ತನ್ನನ್ನು ತಾನು ಅಳೆದುಕೊಳ್ಳುತ್ತ ಬೆಳೆಯುತ್ತಾನೆ. ಯಾರಿಗೂ ತಾನು ಯಾರೆಂದು ತಿಳಿಯದ ಊರಿನಲ್ಲಿ ಇಳಿದ ದಿನ ಆ ಲೆಕ್ಕ ನಿಂತುಹೋಗುತ್ತದೆ. ಮನೆಯಲ್ಲಿ ಉಂಡ ತಟ್ಟೆಯನ್ನು ಎತ್ತದವನು ಅಲ್ಲಿ ಹಂಚಿಕೊಂಡ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾನೆ, ಸರದಿ ಬಂದಾಗ ಶೌಚಾಲಯವನ್ನು ತೊಳೆಯುತ್ತಾನೆ, ಸಂಜೆ ಹೋಟೆಲೊಂದರಲ್ಲಿ ಗಂಟೆಗಿಷ್ಟೆಂದು ಕೂಲಿಗೆ ನಿಂತು, ಮರುದಿನ ಬೆಳಗ್ಗೆ ತನ್ನ ಪ್ರಾಧ್ಯಾಪಕರೊಡನೆ ಸಮಸಮನಾಗಿ ವಾದಿಸುತ್ತಾನೆ. ಕೈಕೆಲಸಕ್ಕೂ ವಿದ್ವತ್ತಿಗೂ ನಡುವೆ ನಾವು ಸಾವಿರ ವರ್ಷಗಳಿಂದ ಎಬ್ಬಿಸಿದ ಗೋಡೆಯನ್ನು ಕುರಿತು ಎಷ್ಟು ಉಪನ್ಯಾಸ ಮಾಡಿದರೂ ಆಗದ ಕಾರ್ಯವನ್ನು ಒಂದು ಚಳಿಗಾಲದ ಪಾತ್ರೆ ತಿಕ್ಕುವಿಕೆ ಮಾಡುತ್ತದೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳ ನಡೆಯಲ್ಲಿ ನಾನು ಕಂಡಿದ್ದೇನೆ. ರಜೆಗೆ ಬಂದವರು ತಾಯಿಯ ಕೈಯಿಂದ ಪೊರಕೆಯನ್ನು ತೆಗೆದುಕೊಳ್ಳುವುದನ್ನು ನೋಡಿ ಆ ತಾಯಂದಿರು ಗಾಬರಿಗೊಂಡದ್ದುಂಟು. ಇನ್ನು ವಿದ್ಯೆಯ ಮಾತು: ನಾವು ಟಿಪ್ಪಣಿಯನ್ನು ಬರೆಯಿಸಿ ಒಪ್ಪಿಸುವ ಪದ್ಧತಿಯಲ್ಲಿ ಬೆಳೆಸಿದ ಮಕ್ಕಳು, ಅಧ್ಯಾಪಕನೇ "ಇದು ನನಗೆ ತಿಳಿಯದು, ನೀನು ಪ್ರಯೋಗ ಮಾಡಿ ನೋಡಿ ಹೇಳು" ಎನ್ನುವುದನ್ನು ಮೊದಲ ಬಾರಿಗೆ ಕೇಳಿ ಬೆರಗಾಗುತ್ತಾರೆ. ನಲವತ್ತು ವರ್ಷ ಪಾಠ ಹೇಳಿದ ನನಗೆ ಇದನ್ನು ಬರೆಯುವಾಗ ವ್ಯಥೆಯಾಗುತ್ತದೆ.

ಇದಕ್ಕೆ ಪ್ರತಿಯಾಗಿ ಕುವೆಂಪು ಅವರನ್ನು ನೆನೆಯುವವರಿದ್ದಾರೆ. 2023ರ ಫೆಬ್ರುವರಿಯಲ್ಲಿ ಸೋಗಾನೆಯಲ್ಲಿ ಉದ್ಘಾಟನೆಯಾದ ನಮ್ಮ ವಿಮಾನನಿಲ್ದಾಣಕ್ಕೆ ಯಾರ ಹೆಸರನ್ನು ಇರಿಸಿದ್ದಾರೆಯೋ ಆ ಮಹಾಕವಿ ಪರದೇಶದ ಯಾವ ವಿದ್ಯಾಪೀಠದಲ್ಲಿಯೂ ಓದಿದವರಲ್ಲವಷ್ಟೆ, ಎನ್ನುತ್ತಾರೆ. ನಿಜ. ಆದರೆ 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ಆ ತರುಣ ತನ್ನ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ನಿನ್ನ ನುಡಿಯಲ್ಲಿ ಬರೆ ಎಂದು ತಿದ್ದಿದವನು ಒಬ್ಬ ಪರದೇಶದವನೇ ಅಲ್ಲವೆ? ಅಲ್ಲಿ ಕಡಲು ತಾನಾಗಿ ದಾಟಿ ಬಂದಿತ್ತು. ಪ್ರತಿಯೊಬ್ಬನ ಭಾಗ್ಯದಲ್ಲಿಯೂ ಕಸಿನ್ಸ್ ಬರೆದಿರುವುದಿಲ್ಲ. ಆದಕಾರಣ ಮಿಕ್ಕವರು ಹೊರಡಬೇಕಾಗುತ್ತದೆ.

ವ್ಯಕ್ತಿಗೆ ಒದಗುವ ಲಾಭವಾಯಿತು. ಊರಿಗೆ ಒದಗುವ ಲಾಭವನ್ನು ಕುರಿತು ಭದ್ರಾವತಿಯವರಿಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ. ಬೆಂಕಿಪುರವೆಂಬ ಸಣ್ಣ ಊರು ಭದ್ರಾವತಿಯೆಂಬ ನಗರವಾದದ್ದೇ ಪರದೇಶದ ವಿದ್ಯೆಯಿಂದ. ಸರ್ ಎಂ. ವಿಶ್ವೇಶ್ವರಯ್ಯನವರು ಓದಿದ್ದು ಬೆಂಗಳೂರಿನಲ್ಲಿ ಮತ್ತು ಪುಣೆಯಲ್ಲಿ. ಆದರೆ 1898ರಲ್ಲಿ ಜಪಾನನ್ನು ಕಂಡುಬಂದ ಮೇಲೆ, ಒಂದು ದೇಶ ತನ್ನ ತರುಣರನ್ನು ಹೊರಗೆ ಕಳುಹಿಸಿ ಕಲಿಸಿ ಹೇಗೆ ಮೇಲೇಳುತ್ತದೆಂಬ ದರ್ಶನ ಅವರನ್ನು ಕಡೆಯವರೆಗೂ ಬಿಡಲಿಲ್ಲ. ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಅವರ ಸಲಹೆಯನ್ನು ಪಡೆದು, ಕೆಮ್ಮಣ್ಣುಗುಂಡಿಯ ಅದುರನ್ನೂ ಮಲೆನಾಡಿನ ಕಾಡಿನ ಇದ್ದಲನ್ನೂ ಕೂಡಿಸಿ, 1923ರ ಜನವರಿಯಲ್ಲಿ ಇಲ್ಲಿ ಊದುಕುಲುಮೆಯನ್ನು ಹೊತ್ತಿಸಲಾಯಿತು. ಆ ವರ್ಷವೇ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತದ ಅಧ್ಯಕ್ಷತೆಯನ್ನು ವಹಿಸಿಕೊಂಡು, 1929ರವರೆಗಿನ ಅವಧಿಯಲ್ಲಿ ವಿದೇಶೀಯ ತಜ್ಞರ ಸ್ಥಾನಗಳಿಗೆ ಕ್ರಮಕ್ರಮವಾಗಿ ನಮ್ಮವರನ್ನೇ ತಂದು ಕೂರಿಸಿದರು. ಮುಂದೆ ಜೋಗದ ವಿದ್ಯುತ್ತು ದೊರೆತಾಗ 1950ರ ದಶಕದಲ್ಲಿ ನಾರ್ವೆ ದೇಶದ ಮಾದರಿಯ ವಿದ್ಯುತ್ ಕುಲುಮೆಗಳೂ ಬಂದುವು. ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಮಗಾಗಿ ಇಟ್ಟುಕೊಳ್ಳದೆ ಒಂದು ವೃತ್ತಿಶಿಕ್ಷಣ ಸಂಸ್ಥೆಗೆ ವಿನಿಯೋಗಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ. ಭದ್ರಾವತಿಯ ಕುಲುಮೆಯಿಂದ ಹೀಗೊಂದು ಶಾಲೆಯೂ ಹುಟ್ಟಿತು.

ಮೈಸೂರು ಸಂಸ್ಥಾನದ ಆ ದಿನಗಳಲ್ಲಿ ಇದು ಅಪವಾದವಾಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಹೋಗುತ್ತಿದ್ದ ಶ್ರೀಗಂಧ ಹೋಗದೆ ರಾಶಿಬಿದ್ದಾಗ, ಸರ್ಕಾರ ಸೋಸಲೆ ಗರಳಪುರಿ ಶಾಸ್ತ್ರಿಯವರನ್ನು ಸಾಬೂನಿನ ವಿದ್ಯೆಯನ್ನು ಕಲಿತುಬರಲು ಇಂಗ್ಲೆಂಡಿಗೆ ಕಳುಹಿಸಿತು. ಅವರು ಹಿಂದಿರುಗಿ ರೂಪಿಸಿದ ಮೈಸೂರು ಸ್ಯಾಂಡಲ್ ಸೋಪು ಇಂದಿಗೂ ನಮ್ಮ ಬಚ್ಚಲಮನೆಗಳಲ್ಲಿದೆ. ಅದಕ್ಕೆ ಮೂಲವಾದ ಗಂಧದೆಣ್ಣೆಯ ಉದ್ಯಮದ ಒಂದು ಕಾರ್ಖಾನೆ 1944ರಲ್ಲಿ ಶಿವಮೊಗ್ಗೆಗೂ ಬಂತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಮನಶ್ಶಾಸ್ತ್ರವನ್ನು ಓದಿಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನಲ್ಲಿ ಆ ಶಾಸ್ತ್ರದ ವಿಭಾಗವನ್ನು ತೆರೆದರು. ಅಷ್ಟಕ್ಕೆ ನಿಲ್ಲದೆ 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿದರು, ಅದರಿಂದಲೇ 'ಆಕಾಶವಾಣಿ' ಎಂಬ ಹೆಸರು ನಮ್ಮ ನಾಲಗೆಗೆ ಬಂತು. ನಮ್ಮದೇ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ರಂಗಸಂಸ್ಥೆ ನೀನಾಸಮ್‌ಗೆ, ದೆಹಲಿಯ ನಾಟಕಶಾಲೆಯ ಬಳಿಕ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿಯೂ ಓದಿದ ಅವರ ಮಗ ಕೆ.ವಿ. ಅಕ್ಷರ ಮರಳಿಬಂದು ನಿಂತದ್ದೂ ಇದೇ ಪರಂಪರೆಗೆ ಸೇರುತ್ತದೆ.

ಶಾಸ್ತ್ರಿಯವರನ್ನೂ ಅನಂತಮೂರ್ತಿಯವರನ್ನೂ ನಮ್ಮ ನೆರೆಯವರ ಮಗಳನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿದಾಗಲೇ ನನಗೆ ಜಗುಲಿಯ ಮೇಲಿನ ಆ ಪ್ರಶ್ನೆಯ ಒಳಮರ್ಮ ತಿಳಿದದ್ದು. ಕನ್ನಡದಲ್ಲಿ ಸಾಲವೆಂಬ ಮಾತೂ ಉಂಟು, ಋಣವೆಂಬ ಮಾತೂ ಉಂಟು. ನಿಘಂಟಿನಲ್ಲಿ ಒಂದಕ್ಕೊಂದು ಪರ್ಯಾಯವೆಂಬಂತೆ ಕಂಡರೂ ಬಳಕೆಯಲ್ಲಿ ಎಂದೂ ಒಂದಾಗಿಲ್ಲ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ಗಡುವಿದೆ. ಕಡೆಯ ಕಂತನ್ನು ಕಟ್ಟಿದ ದಿನ ಸಾಲಗಾರನಿಗೂ ಸಾಹುಕಾರನಿಗೂ ಸಂಬಂಧ ಹರಿಯುತ್ತದೆ. ಅನ್ನದ ಋಣ, ಮಣ್ಣಿನ ಋಣ, ಗುರುವಿನ ಋಣ ಎನ್ನುತ್ತೇವಲ್ಲ, ಅದಕ್ಕೆ ಪತ್ರವಿಲ್ಲ, ಗಡುವಿಲ್ಲ. ಕೊಟ್ಟವನಿಗೇ ತಿರುಗಿ ಕೊಡಬೇಕೆಂಬ ನಿಯಮವೂ ಇಲ್ಲ, ಮುಂದಿನವನಿಗೆ ಕೊಟ್ಟರೂ ಅದು ಸಲ್ಲುತ್ತದೆ. ಸಂಸ್ಥಾನವೋ ಸಾರ್ವಜನಿಕ ನಿಧಿಯೋ ಕಳುಹಿಸಿದವನು ಋಣವನ್ನು ಹೊತ್ತು ಹೋಗುತ್ತಿದ್ದ. ಇಂದು ಮನೆಯನ್ನೋ ತೋಟವನ್ನೋ ಅಡವಿಟ್ಟು ಕಳುಹಿಸಲ್ಪಟ್ಟವಳು ಸಾಲವನ್ನು ಹೊತ್ತು ಹೋಗುತ್ತಾಳೆ. ಸಾಲಗಾರನು ಕೂಲಿ ಹೆಚ್ಚಿರುವ ಕಡೆ ದುಡಿಯದೆ ಗತ್ಯಂತರವಿಲ್ಲ. ಅವನನ್ನು ಹಿಡಿದು, ನಾಡನ್ನು ಮರೆತೆ, ಪ್ರತಿಭೆಯನ್ನು ಪರರಿಗೆ ಮಾರಿದೆ ಎಂದು ಸಭೆಗಳಲ್ಲಿ ದೂರುವುದು ಅನ್ಯಾಯ. ನಾವು ಕಾಸು ಕೊಟ್ಟಿಲ್ಲ. ನಮಗೆ ಆ ಮಾತನ್ನಾಡುವ ಅಧಿಕಾರವಿಲ್ಲ.

ಹಿಂದಿರುಗುವುದೆಂದರೆ ದೇಹವೇ ಬಂದು ಬಸ್ ನಿಲ್ದಾಣದಲ್ಲಿ ಇಳಿಯಬೇಕೆಂದು ನನ್ನ ಅರ್ಥವಲ್ಲ. ಮೈಸೂರಿನ ಎ.ಕೆ. ರಾಮಾನುಜನ್ ಅವರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಂಡಿಯಾನಾಕ್ಕೆ ಭಾಷಾಶಾಸ್ತ್ರವನ್ನು ಓದಲು ಹೋದವರು, ಷಿಕಾಗೋ ನಗರದಲ್ಲಿಯೇ ನೆಲೆಸಿ ಅಲ್ಲಿಯೇ ಕಣ್ಮುಚ್ಚಿದರು. ಆದರೆ 1973ರಲ್ಲಿ ಅವರು ಇಂಗ್ಲಿಷಿನಲ್ಲಿ ಹೊರತಂದ ವಚನಗಳ ಸಂಕಲನದ ನಾಲ್ವರು ವಚನಕಾರರಲ್ಲಿ ಇಬ್ಬರು, ಉಡುತಡಿಯ ಅಕ್ಕಮಹಾದೇವಿ ಮತ್ತು ಬಳ್ಳಿಗಾವೆಯ ಅಲ್ಲಮಪ್ರಭು, ನಮ್ಮ ಶಿಕಾರಿಪುರ ತಾಲ್ಲೂಕಿನವರು. 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದವರೂ ಅವರೇ. ಶಿವಮೊಗ್ಗೆಯ ಮಣ್ಣಿಗೆ ಅಷ್ಟು ದೂರದಿಂದ ಅಷ್ಟು ದೊಡ್ಡ ಸೇವೆಯನ್ನು ಸಲ್ಲಿಸಿದವರು ಮತ್ತೊಬ್ಬರಿಲ್ಲ. ಋಣವೆಂಬುದು ಹೀಗೆ ವಿಚಿತ್ರ ಮಾರ್ಗಗಳಿಂದ ತೀರುತ್ತದೆ.

ಅದಿರಲಿ. ಬರತಕ್ಕವರು ಬಂದು ನಿಲ್ಲಲು ನೆಲವಿದೆಯೆ ಎಂಬ ಪ್ರಶ್ನೆಯೂ ಇದೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದುವು. ಪೇಪರ್ ಟೌನಿನ ಬೀದಿಗಳಲ್ಲಿ ಸಂಜೆ ನಡೆದರೆ ಅದು ತಿಳಿಯುತ್ತದೆ. ನೂರು ವರ್ಷ ತುಂಬಿದ 2023ರ ಜನವರಿಯಲ್ಲಿಯೇ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂದಾಗ ಊರು ಬೀದಿಗಿಳಿಯಿತು. ಲೋಹಶಾಸ್ತ್ರವನ್ನು ಓದಿಬಂದ ಹುಡುಗಿಗೆ ಲೋಹದ ಕುಲುಮೆಯೇ ಇಲ್ಲದ ಊರನ್ನು ತೋರಿಸಿ, ಇಲ್ಲಿ ಸೇವೆ ಮಾಡು ಎಂದರೆ ಆಕೆ ಏನು ಮಾಡಿಯಾಳು? ಪರದೇಶದ ವಿದ್ಯೆ 1923ರಲ್ಲಿ ಇಲ್ಲಿ ಬೇರೂರಿದ್ದು, ಅದನ್ನು ಊರಲು ಹಿರಿಯರು ಮಡಿಯನ್ನು ಅಗೆದು ಸಿದ್ಧಪಡಿಸಿದ್ದರಿಂದ.

ಕಳುಹಿಸುವುದರಲ್ಲಿ ವಿವೇಕವೂ ಬೇಕು. ಊರಿನಲ್ಲಿ ಸೀಟು ದೊರೆಯದೆ, ದೊರೆತರೂ ಶುಲ್ಕವನ್ನು ಭರಿಸಲಾರದೆ, ವೈದ್ಯವಿದ್ಯೆಗಾಗಿ ಯೂಕ್ರೇನಿಗೆ ಹೋಗಿದ್ದ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಯುವಕನೊಬ್ಬ 2022ರ ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಶೆಲ್ಲಿಗೆ ಬಲಿಯಾದುದನ್ನು ಕರ್ನಾಟಕ ಮರೆಯಲಾರದು. ಯುದ್ಧವನ್ನು ಯಾರೂ ಮುನ್ನರಿಯಲಾರರು. ಆದರೆ ಮಕ್ಕಳನ್ನು ಹೊರಕ್ಕೆ ಸೆಳೆದದ್ದು ವಿದ್ಯೆಯ ಆಕರ್ಷಣೆಯೋ, ಇಲ್ಲಿಯ ಬಾಗಿಲು ಮುಚ್ಚಿದ್ದೋ ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ದಲ್ಲಾಳಿಯ ಮಾತನ್ನು ನಂಬಿ ಹೆಸರಿಲ್ಲದ ಕಾಲೇಜಿಗೆ ತೋಟ ಮಾರಿದವರನ್ನೂ ನಾನು ಬಲ್ಲೆ.

ಸಾರ್ವಜನಿಕ ಮಾರ್ಗಗಳು ಪೂರ್ಣವಾಗಿ ಮುಚ್ಚಿಲ್ಲ. ಕಾಮನ್‌ವೆಲ್ತ್ ಮತ್ತು ಫುಲ್‌ಬ್ರೈಟ್ ವೇತನಗಳು ಇಂದಿಗೂ ಇವೆ. ಜರ್ಮನಿಯ ಡಿಎಎಡಿ ವೇತನವಿದೆ. ಪರಿಶಿಷ್ಟ ಜಾತಿಯವರಿಗೂ ಭೂಹೀನ ಕೃಷಿಕಾರ್ಮಿಕರ ಮಕ್ಕಳಿಗೂ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ನಮ್ಮ ರಾಜ್ಯದ 'ಪ್ರಬುದ್ಧ' ಯೋಜನೆಯಿದೆ. ಬರೋಡೆಯ ಮಹಾರಾಜರು 1913ರಲ್ಲಿ ಅಂಬೇಡ್ಕರ್ ಅವರನ್ನು ಕೊಲಂಬಿಯಾಕ್ಕೆ ಕಳುಹಿಸಿದ್ದರಿಂದ ಈ ದೇಶಕ್ಕೆ ಆದ ಲಾಭವನ್ನು ಅಳೆಯುವ ತಕ್ಕಡಿಯಾದರೂ ಎಲ್ಲಿದೆ? ಆದರೆ ಈ ವೇತನಗಳ ಸುದ್ದಿ ಭದ್ರಾವತಿಯ ಹಳೇನಗರದ ಸರ್ಕಾರಿ ಶಾಲೆಯ ಮಗುವಿನ ಕಿವಿಗೆ ಬೀಳುವುದಿಲ್ಲ. ಬ್ಯಾಂಕಿನ ಸಾಲದ ಜಾಹೀರಾತು ಮಾತ್ರ ಬೀಳುತ್ತದೆ.

ಆದಕಾರಣ ನನ್ನದೊಂದು ಬಿನ್ನಹ. ಅಡಕೆಯ ಧಾರಣೆ ಏರಿದ ವರ್ಷಗಳಲ್ಲಿ ಬೆಳೆಗಾರರ ಸಹಕಾರ ಸಂಘವಾದ ಮಾಮ್ಕೋಸ್‌ನ ಅಂಗಳದಲ್ಲಿ ಎಷ್ಟು ಹಣ ಕೈಬದಲಾಯಿಸುತ್ತದೆಂಬುದನ್ನು ಶಿವಮೊಗ್ಗೆಯವರು ಬಲ್ಲರು. ಕ್ವಿಂಟಲಿಗೆ ಹತ್ತು ರೂಪಾಯಿಯಂತೆ ಬೆಳೆಗಾರರು ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ, ಶಿವಮೊಗ್ಗೆ ಭದ್ರಾವತಿಗಳ ವರ್ತಕರೂ ನನ್ನಂಥ ನಿವೃತ್ತರೂ ತಮ್ಮ ಪಾಲನ್ನು ಸೇರಿಸಿದರೆ, ವರ್ಷಕ್ಕೆ ಇಬ್ಬರನ್ನೋ ಮೂವರನ್ನೋ ಸಾಲವಿಲ್ಲದೆ ಕಳುಹಿಸುವ ನಿಧಿಯೊಂದನ್ನು ಕಟ್ಟುವುದು ಅಸಾಧ್ಯವಲ್ಲ. ಕರಾರುಪತ್ರ ಬೇಡ, ಹಿಂದಿರುಗಲೇಬೇಕೆಂಬ ನಿರ್ಬಂಧವೂ ಬೇಡ. ರಜೆಯಲ್ಲಿ ಬಂದಾಗ ಒಂದು ತಿಂಗಳು ಸಹ್ಯಾದ್ರಿ ಕಾಲೇಜಿನಲ್ಲೋ ಶಂಕರಘಟ್ಟದ ವಿಶ್ವವಿದ್ಯಾನಿಲಯದಲ್ಲೋ ಊರಿನ ಪ್ರೌಢಶಾಲೆಯಲ್ಲೋ ಕಲಿತದ್ದನ್ನು ಕನ್ನಡದಲ್ಲಿ ಹೇಳಿಕೊಡಲಿ. ದುಡಿಯತೊಡಗಿದ ಮೇಲೆ ಮತ್ತೊಬ್ಬರ ಹಾದಿಖರ್ಚಿಗೆ ತನಗೆ ತೋಚಿದಷ್ಟನ್ನು ಕಳುಹಿಸಲಿ. ನನ್ನ ಒಂದು ತಿಂಗಳ ನಿವೃತ್ತಿವೇತನವನ್ನು ಇದಕ್ಕಾಗಿ ಬೇರೆಯಾಗಿ ತೆಗೆದಿರಿಸಿದ್ದೇನೆ. ಖಾತೆಯನ್ನು ತೆರೆಯುವವರಿಗಾಗಿ ಕಾದಿದ್ದೇನೆ.

ಈಚೆಗೆ ಆ ಹುಡುಗಿಯ ಫೋನು ಬಂದಿತ್ತು. ಕಲ್ಲಿದ್ದಲಿನಿಂದ ಉಕ್ಕು ಮಾಡುವಾಗ ಹೊರಬೀಳುವ ಇಂಗಾಲವನ್ನು ತಗ್ಗಿಸುವುದು ಹೇಗೆಂಬುದೇ ಈಗ ಅಲ್ಲಿಯ ಲೋಹಶಾಸ್ತ್ರಜ್ಞರ ದೊಡ್ಡ ಚಿಂತೆಯಂತೆ. ಜಲಜನಕವನ್ನು ಬಳಸುವುದರ ಜೊತೆಗೆ, ಬೆಳೆಸಿ ಕಡಿದ ಮರದ ಇದ್ದಲಿನಿಂದ ಅದುರನ್ನು ಕರಗಿಸುವ ಪ್ರಾಚೀನ ಕ್ರಮವನ್ನೂ ಹೊಸದಾಗಿ ಪರೀಕ್ಷಿಸುತ್ತಿದ್ದಾರಂತೆ. "ಮೇಷ್ಟ್ರೇ, ನಮ್ಮೂರಲ್ಲಿ ತಾತನ ಕಾಲದಲ್ಲಿ ಮಾಡ್ತಿದ್ದದ್ದು ಇದೇ ಅಲ್ವಾ? ನಾನು ಅದನ್ನ ಹಳೇ ಕಾಲದ್ದು ಅಂತ ಒಂದಿನಾನೂ ವಿಚಾರಿಸಲಿಲ್ಲ" ಎಂದಳು. ಆಕೆಯ ತಾತ ಊದುಕುಲುಮೆಯ ಬುಡದಲ್ಲಿ ದುಡಿದವರು. ಅವರ ಕಾಲದ ಒಂದು ಬೀಡುಕಬ್ಬಿಣದ ತುಂಡು ಆ ಮನೆಯ ಗೂಡಿನಲ್ಲಿದ್ದು, ಪ್ರತಿವರ್ಷ ಆಯುಧಪೂಜೆಯಂದು ಅರಿಶಿನ ಕುಂಕುಮವನ್ನು ಕಾಣುತ್ತದೆ. ಇದ್ದಲಿನ ಕಬ್ಬಿಣದಲ್ಲಿ ಗಂಧಕದ ಅಂಶ ಎಷ್ಟೆಂದು ಪ್ರಯೋಗಾಲಯದಲ್ಲಿ ತಾನೇ ನೋಡಬೇಕೆಂದು ಅದರ ಒಂದು ಚೂರನ್ನು ಕೇಳಿದ್ದಾಳೆ. ತಂದೆ ಅದನ್ನು ಗರಗಸಕ್ಕೆ ಕೊಡಲು ಎರಡು ದಿನ ಮನಸ್ಸು ಮಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಹಳೆಯ ಟವೆಲಿನಲ್ಲಿ ಆ ತುಂಡನ್ನು ಸುತ್ತಿಕೊಂಡು, ದಾರಿಯಲ್ಲಿ ನನ್ನನ್ನೂ ಕರೆದುಕೊಂಡು, ಕಾರ್ಖಾನೆಯಲ್ಲಿ ತಮ್ಮೊಡನೆ ಲೇತ್ ನಡೆಸುತ್ತಿದ್ದ ಗೆಳೆಯರ ವರ್ಕ್‌ಶಾಪಿಗೆ ಹೊರಟರು.